ಎಡಗೈಯ ಮೀಸಲು

ಶ್ರೀ ಗುರುವೇ ಗತಿ

ಹೊನ್ನಾಳಿ
ರಕ್ತಾಕ್ಷಿ ಸಂವತ್ಸರದ ಆಷಾಢ ಬಹುಳ ಪಂಚಮಿ, ೧೯೮೪

ಚಿರಂಜೀವಿ ಅಳಿಯಂದಿರಾದ ಬಸವರಾಜಪ್ಪನವರಿಗೆ, ನಿಮ್ಮ ಮಾವ ಷಣ್ಮುಖಪ್ಪನು ಮನಸಾರೆ ಹರಸಿ ಬರೆಯುವುದೇನೆಂದರೆ,

ಚನ್ನಗಿರಿಯಿಂದ ನೀವು ಬರೆದ ಇನ್‌ಲ್ಯಾಂಡ್ ಪತ್ರ ಕೈಸೇರಿತು. ಶ್ರಾವಣದ ಮೊದಲ ಸೋಮವಾರ ನಿಮ್ಮ ಮಗಳು ದಾಕ್ಷಾಯಣಿಗೆ ಲಿಂಗದೀಕ್ಷೆ ಆಗಬೇಕಾಗಿರುವುದರಿಂದ, ಅದಕ್ಕೆ ಮೊದಲೇ ಆ ಎಲೆಕ್ಟ್ರಿಕ್ ಗಿಟಾರನ್ನು ನನ್ನ ಕಿರಿಯ ಮಗ ಮರುಳಸಿದ್ಧನಿಗೆ ಹಿಂದಿರುಗಿಸಬೇಕು, ತಪ್ಪಿದಲ್ಲಿ ಮಗಳನ್ನು ಕರೆದುಕೊಂಡು ಹೋಗುವೆ ಎಂಬುದು ಅದರ ಸಾರ. ನಿಮ್ಮ ಬರಹದಲ್ಲಿ ಕೋಪವಿದೆ, ಅವಿನಯವಿಲ್ಲ. ಶಾಲೆಯ ಸಲುವಾಗಿ ಮಗುವನ್ನು ನಮ್ಮಲ್ಲಿ ಬಿಟ್ಟಿರುವ ತಂದೆ ಕೇಳತಕ್ಕದ್ದನ್ನೇ ಕೇಳಿದ್ದೀರಿ. ಆದುದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ತಿಳಿಸುತ್ತೇನೆ.

ಮರುಳಸಿದ್ಧ ದಾವಣಗೆರೆಯ ಆರ್ಕೆಸ್ಟ್ರಾ ಒಂದರಲ್ಲಿ ವಾದಕನೆಂಬುದು ನಿಮಗೆ ಗೊತ್ತು. ಕಳೆದ ವರ್ಷ ದೀಪಾವಳಿ ಕಳೆದ ಮೇಲೆ, ಹೊಸದೊಂದು ಗಿಟಾರ್ ದೊರೆತುದರಿಂದ, ಹಳೆಯದನ್ನು ಜಮಖಾನೆಯಲ್ಲಿ ಸುತ್ತಿ ತಂದು ಸೊಸೆ ದಾಕ್ಷಾಯಣಿಯ ಮುಂದಿಟ್ಟ. ವೀಣೆಗಾದರೆ ಬುರುಡೆಯುಂಟು, ತಂಬೂರಿಗೆ ಹೊಟ್ಟೆಯುಂಟು. ಇದೋ ಕೆಂಪು ಬಣ್ಣ ಬಳಿದ, ಊಟದ ಮಣೆಯಂಥ ಗಟ್ಟಿ ಹಲಗೆ. ಕರೆಂಟಿಲ್ಲದೆ ಮೀಟಿದರೆ ಸೊಳ್ಳೆಯ ದನಿಗಿಂತ ಹೆಚ್ಚಿನ ನಾದ ಇದರಿಂದ ಹೊರಡದು. ಅದಕ್ಕೆ ಬೇಕಾದ ಆಂಪ್ಲಿಫೈಯರ್ ಎಂಬುದು ಅವನಲ್ಲಿರಲಿಲ್ಲ. ನಮ್ಮ ನಡುಮನೆಯ ಹಳೆಯ ವಾಲ್ವ್ ರೇಡಿಯೋ ನೋಡಿದ್ದೀರಿ. ಅದರ ಬೆನ್ನಿನಲ್ಲಿ ಗ್ರಾಮಫೋನಿನ ವೈರು ಸಿಕ್ಕಿಸಲೆಂದು ಎರಡು ತೂತುಗಳಿವೆ. ಅವನು ಗಿಟಾರಿನ ವೈರನ್ನು ಅಲ್ಲಿ ಸಿಕ್ಕಿಸಿದ. ರೇಡಿಯೋದ ಹಸಿರು ಕಣ್ಣು ನಿಧಾನವಾಗಿ ತೆರೆದುಕೊಂಡಿತು. ಒಂದು ತಂತಿ ಮೀಟಿದೊಡನೆ ಗೂಡಿನ ಗಾಜು ಅದುರಿತು. ಮಗುವಿನ ಮುಖದಲ್ಲಿ ಆಗ ಕಂಡದ್ದನ್ನು ವರ್ಣಿಸುವುದು ಈ ಪತ್ರದ ಉದ್ದೇಶವಲ್ಲ. ಯಾವ ತಂತಿಯನ್ನು ನನ್ನ ಹಾರ್ಮೋನಿಯಮ್ಮಿನ ಯಾವ ಮನೆಗೆ ಕೂಡಿಸಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಟ್ಟು, ಒಂದು ಮಧ್ಯಾಹ್ನದ ಪಾಠ ಹೇಳಿ ಅವನು ಕಾರ್ಯಕ್ರಮಗಳಿಗೆಂದು ಹೊರಟುಹೋದ.

ಆ ಪಾಠದಲ್ಲಿ ಮಗು ಎಡಗೈ ಬೆರಳುಗಳಿಂದ ತಂತಿಯನ್ನು ಒತ್ತಿ ಹಿಡಿದು ಬಲಗೈಯಿಂದ ಮೀಟಿತ್ತು. ಅವನು ಬಸ್ಸು ಹತ್ತಿದ ಮೇಲೆ ನಿಮ್ಮ ಅತ್ತೆ ಹೇಳಿದಳು, "ರೀ, ಎಡಗೈ ಇರೋದು ಲಿಂಗ ಹಿಡಿಯಾಕೆ. ನಾಳೆ ದೀಕ್ಷೆ ಆಗೋ ಹುಡುಗಿ ಆ ಕೈಯಾಗೆ ಉಕ್ಕಿನ ತಂತಿ ತೀಡ್ತಾಳಂದ್ರೆ ಹೆಂಗೆ?"

ಮಾತು ತೆಗೆದುಹಾಕುವಂಥದಲ್ಲ. ಎಡ ಅಂಗೈ ಇಷ್ಟಲಿಂಗದ ಪೀಠ. ಬಾಳಿನುದ್ದಕ್ಕೂ ಆ ಪೀಠದ ಮೇಲೆ ದೃಷ್ಟಿಯಿಟ್ಟು ಪುರಾಣ ಹೇಳಿದವನು ನಾನು. ಆದುದರಿಂದ ವಿಚಾರ ಮಾಡಿ ಹೀಗೆ ತೀರ್ಪು ಕೊಟ್ಟೆ: ವಾದ್ಯವನ್ನು ತಿರುವಿ ಹಿಡಿಯತಕ್ಕದ್ದು, ಒತ್ತುವ ಶ್ರಮ ಬಲಗೈಗಿರಲಿ, ಎಡಗೈ ಕರಟದ ಚೂರೊಂದನ್ನು ಹಿಡಿದು ಮೀಟಲಿ, ತಂತಿ ಆ ಕೈಯ ಚರ್ಮಕ್ಕೆ ತಾಕದಿರಲಿ. ಕರಟವನ್ನು ನಾನೇ ಉಜ್ಜಿ ನಯಮಾಡಿಕೊಟ್ಟೆ. ಗಿಟಾರ್ ತಲೆಕೆಳಗಾಯಿತು. ಮೇಲಿರಬೇಕಾದ ದಪ್ಪ ತಂತಿ ಕೆಳಗೆ ಬಂತು. ನಿಮ್ಮ ಅತ್ತೆಗೆ ಸಮಾಧಾನವಾಯಿತು. ಮಗುವಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಹೀಗೆ ನಮ್ಮ ಮನೆಯಲ್ಲಿ ಅಭ್ಯಾಸ ನಡೆಯಿತು. ಶಾಲೆಯಿಂದ ಬಂದು, ಕೈಕಾಲು ತೊಳೆದು, ವಿಭೂತಿ ಧರಿಸಿ ರೇಡಿಯೋದ ಮುಂದೆ ಕೂರುವಳು. ನಾನು ಹಾರ್ಮೋನಿಯಮ್ಮಿನಲ್ಲಿ ಶ್ರುತಿ ತೋರಿ ಬಿರಡೆ ತಿರುವಿಕೊಡುವೆನು, ತೊಡೆಯ ಮೇಲೆ ತಾಳ ಹಾಕುವೆನು. ವಾದ್ಯದ ಮರ್ಮ ನನಗೆ ತಿಳಿಯದು, ಲಯ ಮಾತ್ರ ತಿಳಿದದ್ದು. ಸಂಜೆಯ ವಾರ್ತೆ ಕೇಳುವುದು ತಾನಾಗಿ ನಿಂತಿತು. ಒಂದೇ ಯಂತ್ರ ಎರಡು ಕೆಲಸ ಮಾಡಲಾರದಷ್ಟೆ. ಸಂಕ್ರಾಂತಿಯ ಹೊತ್ತಿಗೆ ಸರಳೆಯ ಸ್ವರಪಾಠಗಳು ಕೈಗೆ ಕುಳಿತವು. ಯುಗಾದಿಯ ಹೊತ್ತಿಗೆ, ಪುರಾಣಾರಂಭದಲ್ಲಿ ನಾನು ಹಾಡುವ ಗುರುಸ್ತುತಿಯನ್ನು ತಡೆಯಿಲ್ಲದೆ ನುಡಿಸಿದಳು.

ವೈಶಾಖದಲ್ಲಿ ದೀಕ್ಷೆಯ ಸಿದ್ಧತೆಗೆ ತೊಡಗಿದೆವು. ನಮ್ಮ ಮನೆತನದ ವಾಡಿಕೆಯನ್ನು ನನ್ನ ಮಗಳು ನಿರ್ಮಲೆ ಬಲ್ಲಳು. ಮಗುವಿನ ಎಡ ಅಂಗೈಯಲ್ಲಿ ನಿಂಬೆಹಣ್ಣೊಂದನ್ನಿರಿಸಿ, ಎದೆಯ ಮಟ್ಟಕ್ಕೆ ಹಿಡಿಸಿ, ಕಣ್ಣು ಕದಲಿಸದೆ ಮಂತ್ರ ಜಪಿಸುವುದನ್ನು ಕಲಿಸುತ್ತೇವೆ. ಹಣ್ಣು ಅಲುಗದ ಕೈಯಲ್ಲಿ ಲಿಂಗ ನೆಲೆಸುವುದೆಂಬ ಭಾವನೆ. ದಾಕ್ಷಾಯಣಿಯ ಕೈಯಲ್ಲಿ ಹಣ್ಣು ನಿಲ್ಲಲಿಲ್ಲ. ಜಪದ ಲಯ ಹುಟ್ಟಿದೊಡನೆ ಮಣಿಕಟ್ಟು ಮೇಲೆ ಕೆಳಗೆ ಆಡತೊಡಗುವುದು; ಹಣ್ಣು ಉರುಳಿ ಹೊಸ್ತಿಲು ದಾಟುವುದು. "ನಿಂಬೆಹಣ್ಣು ನಿಮ್ಮ ತಾಳಕ್ಕೆ ಕುಣೀತೈತೆ ನೋಡ್ರಿ" ಎಂದು ನಿಮ್ಮ ಅತ್ತೆ ನನ್ನನ್ನು ಚುಚ್ಚಿದಳು. ಕಾರಣ ನನಗೆ ಹೊಳೆಯಲಿಲ್ಲ.

ಜ್ಯೇಷ್ಠದ ಆರಂಭದಲ್ಲಿ ಮರುಳಸಿದ್ಧ ಬಂದ. ಸೊಸೆ ಗಿಟಾರ್ ಹಿಡಿದು ಕುಳಿತ ಭಂಗಿಯನ್ನು ಕಂಡು, ನಕ್ಕು ನಕ್ಕು ಹೊಸ್ತಿಲ ಬಳಿಯೇ ಕುಸಿದು ಕುಳಿತ. ಅವಳು ಗುರುಸ್ತುತಿಯನ್ನು ನುಡಿಸಿ ಮುಗಿಸುವಷ್ಟರಲ್ಲಿ ಅವನ ನಗೆ ಉಳಿದಿರಲಿಲ್ಲ. "ಅಪ್ಪಾಜಿ, ಕೈ ಚೆನ್ನಾಗೈತೆ, ಆದ್ರೆ ಎಲ್ಲ ಉಲ್ಟಾ. ಹಿಂಗೇ ಬಿಟ್ರೆ ನಾಳೆ ಇವಳಿಗೆ ಯಾರೂ ಪಾಠ ಹೇಳಾಕಾಗಲ್ಲ. ಮೊದಲಿಂದ ಕಲೀಬೇಕು" ಎಂದ. ತೀರ್ಪು ನನ್ನದೆಂದು ತಿಳಿಸಿದೆ. ಅವನು ನನ್ನೊಡನೆ ವಾದಿಸಲಿಲ್ಲ. ವಾದ್ಯವನ್ನು ಸರಿಯಾಗಿ ತಿರುವಿ ಮಗುವಿನ ಮಡಿಲಲ್ಲಿಟ್ಟ.

ಅಂದು ಇಡೀ ಸಂಜೆ ದಾಕ್ಷಾಯಣಿ ಅದನ್ನು ಮುಟ್ಟಲಿಲ್ಲ. ಮರುದಿನ ನಾನು ಪೂಜೆ ಮುಗಿಸಿ ಏಳುವಾಗ ಬಂದು ನಿಂತು ಕೇಳಿದಳು, "ಅಜ್ಜ, ಎಡಗೈಯಾಗೆ ತಂತಿ ಒತ್ತಿದ್ರೆ ನಂಗೆ ದೀಕ್ಷೆ ಕೊಡಲ್ವಾ?"

ಬಸವರಾಜಪ್ಪನವರೇ, ಸಭೆಗಳಲ್ಲಿ ಕಠಿಣ ಪ್ರಶ್ನೆಗಳಿಗೆ ಉತ್ತರ ಹೇಳಿದ್ದೇನೆ. ಇದಕ್ಕೆ ಮಾತ್ರ ವಿಚಾರಿಸಿ ಹೇಳುವೆನೆಂದೆ, ಅಲ್ಲಿಯವರೆಗೆ ಮರುಳಸಿದ್ಧ ಮಾವ ಹೇಳಿದಂತೆ ನುಡಿಸೆಂದೆ. ಓದಿದ ಗ್ರಂಥಗಳನ್ನು ಮತ್ತೆ ತೆರೆದೆ. ಪರವಾಗಿಯೂ ವಿರುದ್ಧವಾಗಿಯೂ ಏನೂ ಕಾಣಲಿಲ್ಲ. ಮಠಕ್ಕೆ ಹೋಗಿ, ದೀಕ್ಷೆ ಕೊಡತಕ್ಕ ಅಯ್ಯನವರಲ್ಲಿ ಸಂಗತಿಯನ್ನು ನಿವೇದಿಸಿದೆ. ಅವರು ಎಲ್ಲವನ್ನೂ ಕೇಳಿ, "ಮಗು ಕೈ ತೊಳಕೊಂಡು ಕೂರ್ತೈತಲ್ಲ?" ಎಂದಷ್ಟೇ ವಿಚಾರಿಸಿದರು. ಹೌದೆಂದೆ. ಹಾಗಾದರೆ ಶ್ರಾವಣಕ್ಕೆ ಕರೆತರಬೇಕೆಂದು ಹೇಳಿ ಒಳಗೆ ಹೋದರು.

ಅಷ್ಟರಲ್ಲಿ ಮಗುವಿನ ಎಡಗೈ ಬೆರಳ ತುದಿಗಳು ಕೆಂಪಾಗಿ ಗುಳ್ಳೆಯೆದ್ದಿದ್ದವು. ನಿಮ್ಮ ಅತ್ತೆ ಅದನ್ನು ಕಂಡು, ಪಕ್ಕದ ಮನೆಯ ಕೊಟ್ರಮ್ಮನ ಕೈಯಲ್ಲಿ ನಿಮಗೆ ಪತ್ರ ಬರೆಸಿದಳು. ಬರೆಸಿದ್ದನ್ನು ನನ್ನಿಂದ ಮರೆಮಾಡಲಿಲ್ಲ. ನನಗೂ ಅದರಲ್ಲಿ ಆಕ್ಷೇಪವಿಲ್ಲ. ನಿಮ್ಮ ಕೋಪಕ್ಕೆ ಮೂಲ ಆ ಪತ್ರ.

ಅದರ ಮುಂದಿನದು ಆಕೆ ಬರೆಸದಿರುವುದು. ಮೊನ್ನೆ ಸೋಮವಾರ ಮತ್ತೆ ನಿಂಬೆಹಣ್ಣನ್ನಿರಿಸಿ ಕೂರಿಸಿದೆ. ನಿಮ್ಮ ಅತ್ತೆ ಒರಳಿನ ಬಳಿಯಿದ್ದವಳು ಎದ್ದು ಬಂದು ನೋಡಿದಳು. ಬೆರಳುಗಳು ಹೂವಿನ ಎಸಳಿನಂತೆ ಬಾಗಿ ಹಣ್ಣನ್ನು ಕಾಯುತ್ತಿದ್ದವು. ಜಪ ನಡೆಯಿತು, ಮುಗಿಯಿತು. ಹಣ್ಣು ಇಟ್ಟಲ್ಲಿಯೇ ಇತ್ತು. ಆಗ ನನಗೆ ಅರ್ಥವಾಯಿತು. ನಾನು ಮೀಸಲಿಟ್ಟೆನೆಂದು ಭಾವಿಸಿದ ಕೈಗೆ ನಾನೇ ತಿಂಗಳುಗಟ್ಟಲೆ ಮೀಟುವ ಚಾಪಲ್ಯವನ್ನು ಕಲಿಸಿದ್ದೆ. ಗಿಟಾರಿನಲ್ಲಿ ಆಡುವ ಕೈ ಮೀಟುವ ಕೈ. ಒತ್ತುವ ಕೈಯಾದರೋ ಬಾಗಿ, ತಾಳಿ, ಇದ್ದಲ್ಲಿ ನಿಲ್ಲತಕ್ಕದ್ದು. ಮರುಳಸಿದ್ಧ ವಾದ್ಯವನ್ನು ನೇರಮಾಡುವಾಗ ಪೀಠವೂ ನೇರವಾಯಿತು.

ನಿಮ್ಮ ಅತ್ತೆ ಅಂದು ಸಂಜೆ ಅಭ್ಯಾಸ ಮುಗಿದ ಮೇಲೆ ತುಪ್ಪದ ಗಿಂಡಿ ತಂದು, ಮಗುವಿನ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಬೆರಳ ತುದಿಗೆ ಸವರಿದಳು. "ನಾಳೆ ಸ್ವಲ್ಪ ಮೆಲ್ಲಗೆ ಒತ್ತು" ಎಂದಳು.

ನನ್ನ ನಿರ್ಣಯವನ್ನು ತಿಳಿಸುತ್ತೇನೆ. ಗಿಟಾರನ್ನು ನಾನು ಹಿಂದಿರುಗಿಸುವುದಿಲ್ಲ. ದೀಕ್ಷೆಯೂ ತಪ್ಪುವುದಿಲ್ಲ. ನೀವು ಮಗುವಿನ ತಂದೆ. ಬಂದು, ನೋಡಿ, ಆಮೇಲೂ ಕರೆದೊಯ್ಯಬೇಕೆನಿಸಿದರೆ ನಾನು ಬಾಗಿಲಿಗೆ ಅಡ್ಡ ನಿಲ್ಲುವವನಲ್ಲ. ಒಂದೇ ಮಾತು. ಅಯ್ಯನವರು ಆ ಅಂಗೈಯಲ್ಲಿ ಲಿಂಗವನ್ನಿರಿಸುವಾಗ ನೀವು ನನ್ನ ಮುಖವನ್ನಾಗಲಿ ಮರುಳಸಿದ್ಧನ ಮುಖವನ್ನಾಗಲಿ ನೋಡಬೇಡಿರಿ, ಮಗಳ ಬೆರಳುಗಳನ್ನು ನೋಡಿರಿ. ದೀಕ್ಷೆ ಖಂಡಿತ ಉಂಟೆಂದು ಅವಳ ಪ್ರಶ್ನೆಗೆ ನಾನು ಉತ್ತರ ಕೊಟ್ಟಾಗಿದೆ. ನಿಮ್ಮ ಬಾಯಿಂದಲೂ ಅದನ್ನು ಕೇಳಬೇಕೆಂದು ಅವಳು ಕಾದಿದ್ದಾಳೆ.

ನಿರ್ಮಲೆಗೆ ಈ ಪತ್ರವನ್ನು ಓದಿ ಹೇಳಿರಿ. ನಮ್ಮ ಮನೆಯ ರೇಡಿಯೋ ಸಂಜೆಯ ಹೊತ್ತು ಇನ್ನು ವಾರ್ತೆ ಹೇಳುವುದಿಲ್ಲ. ಅಡಿಕೆಯ ಧಾರಣೆ ಕೇಳದೆ ನಿಮಗೆ ಊಟ ಸೇರದೆಂದು ಬಲ್ಲೆ. ಆದುದರಿಂದ ಬರುವಾಗ ನಿಮ್ಮ ಟ್ರಾನ್ಸಿಸ್ಟರನ್ನು ಮರೆಯದೆ ತನ್ನಿರಿ.

ನಿಮ್ಮ ಮನೆ ಬೆಳಗಲಿ, ಮಗಳ ಎರಡು ಕೈಗಳೂ ತಮ್ಮ ತಮ್ಮ ಕೆಲಸವನ್ನರಿತು ಬಾಳಲೆಂದು ಗುರುವಿನಲ್ಲಿ ಬೇಡುವ,

ನಿಮ್ಮ ಮಾವ
ಷಣ್ಮುಖಪ್ಪ