ಬೀಜಕ್ಕೆ ಬಿಟ್ಟ ಹೀರೆಕಾಯಿ

ಏಪ್ರಿಲ್ 16, ಬೆಳಿಗ್ಗೆ ಆರೂವರೆ

ನಲ್ಲಿಯಲ್ಲಿ ಇವತ್ತೂ ನೀರಿಲ್ಲ. ಡ್ರಮ್ಮಿನಲ್ಲಿ ಅರ್ಧ ಇದೆ. ಬದನೆಗೆ ಎರಡು ಚೊಂಬು, ಬೆಂಡೆಗೆ ಒಂದೊಂದು, ಹರಿವೆಗೆ ಅಕ್ಕಿ ತೊಳೆದ ನೀರು. ಹೀರೆ ಬಳ್ಳಿಗೆ ಮಾತ್ರ ಪೂರಾ ಒಂದು ಕೊಡ. ಪಕ್ಷಪಾತ ಎನ್ನುವವರು ಎನ್ನಲಿ.

ಇದು ನಮ್ಮವ್ವ ಕೊಟ್ಟ ಬೀಜ. ಕಾಯಿ ಗಿಡ್ಡ, ಏಣು ಚೂಪು, ಕಹಿ ಎಂಬುದೇ ಇಲ್ಲ. ಹೋದ ವರ್ಷ ಡಬ್ಬಿಗೆ ಹುಳ ಬಿದ್ದು ಐದೇ ಬೀಜ ಉಳಿದವು. ಹುಟ್ಟಿದ್ದು ಎರಡು. ಒಂದನ್ನು ಪಕ್ಕದ ಮನೆ ಸುಭದ್ರಮ್ಮನ ಕೋಳಿ ಕೆದರಿ ಹಾಕಿತು. ಈಗ ಇರುವುದು ಇದೊಂದೇ ಬಳ್ಳಿ. ಇದರಲ್ಲಿ ಬೀಜ ಬಲಿಯದಿದ್ದರೆ ಅವ್ವನ ಹೀರೆ ಅಲ್ಲಿಗೆ ಮುಗಿಯಿತು.

ಒಂದು ಒಳ್ಳೆಯ ಕಾಯಿ ನೋಡಿ ಕೆಂಪು ಬಟ್ಟೆಯ ಚೂರು ಕಟ್ಟಿದೆ. ಬೀಜಕ್ಕೆ ಬಿಟ್ಟದ್ದು, ಯಾರೂ ಕೀಳಬಾರದು ಎಂದು ಗುರುತು. ಮೊಮ್ಮಗಳು ಕವನಾ ಬಂದು ನೋಡಿದಳು. ‘ಅಜ್ಜೀ, ಇದಕ್ಕೆ ಗಾಯ ಆಗಿದ್ಯಾ?’

ಈ ಹಾಳೆಗಳೂ ಅವಳದೇ. ಮೂರನೇ ಕ್ಲಾಸಿನ ನೋಟ್‌ಬುಕ್ಕಿನಲ್ಲಿ ಮಿಕ್ಕಿದ್ದು. ನಾಲ್ಕರವರೆಗೆ ಓದಿದ ನನಗೆ ಧಾರಾಳವಾಯಿತು.

ಏಪ್ರಿಲ್ 19

ಏನು ಧಗೆ! ಮಧ್ಯಾಹ್ನ ಹೀರೆ ಎಲೆಗಳೆಲ್ಲ ಹಸುವಿನ ಕಿವಿಯ ಹಾಗೆ ಜೋತು ಬೀಳುತ್ತವೆ. ಸಂಜೆ ಮತ್ತೆ ಏಳುತ್ತವೆ. ಮಗ ಸತೀಶ ಹೇಳುತ್ತಾನೆ, ‘ಅಮ್ಮ, ಗಾಂಧಿ ಬಜಾರಲ್ಲಿ ಹೀರೆಕಾಯಿ ರಾಶಿ ಬಿದ್ದಿದೆ. ಯಾಕೆ ಈ ಬಿಸಿಲಲ್ಲಿ ಸಾಯ್ತೀಯ?’ ಸೋಗಾನೆ ಏರ್‌ಪೋರ್ಟಿನಲ್ಲಿ ಲಗೇಜು ಎತ್ತುವವನು. ನೆಲದಲ್ಲಿ ಬೆಳೆಯುವುದರ ಬಗ್ಗೆ ಅವನಿಗೇನು ಗೊತ್ತು.

ಏಪ್ರಿಲ್ 23, ಹೊರಡುವ ಮೊದಲು

ಭದ್ರಾವತಿಗೆ. ತಂಗಿ ವಿಮಲಮ್ಮನಿಗೆ ನಾಳೆ ಕಣ್ಣಿನ ಪೊರೆ ಆಪರೇಷನ್. ಡ್ರಾಪ್ಸ್ ಹಾಕುವುದಕ್ಕೆ ನಾನೇ ಬೇಕಂತೆ. ಕವನಾಳಿಗೆ ರಜೆ, ಅವಳೂ ಬರುತ್ತಾಳೆ.

ಸೊಸೆ ಸಮತಾಳನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಬೆಳಿಗ್ಗೆ ಏಳರೊಳಗೆ ನೀರು. ಬುಡಕ್ಕೆ, ಎಲೆಗಲ್ಲ. ಡೇಟ್ ಆದರೆ ಐದು ದಿನ ಬಳ್ಳಿಯ ಹತ್ತಿರ ಹೋಗಬೇಡ, ಸತೀಶ ಹಾಕಲಿ. ಮೂರು ವರ್ಷದ ಹಿಂದೆ ಹಾಗಲ ಬಳ್ಳಿ ಸುಟ್ಟು ಹೋಯಿತಲ್ಲ, ನೆನಪಿರಲಿ.

ಸಮತಾ ಮುಖ ಕೆಳಗೆ ಹಾಕಿದಳು. ಅವತ್ತು ಸುಭದ್ರಮ್ಮನ ಎದುರಿಗೇ ಅಂದಿದ್ದೆ, ‘ಇವಳು ಮುಟ್ಟಬಾರದ ದಿನ ಮುಟ್ಟಿದ್ಲು, ಅದಕ್ಕೇ ಹೋಯ್ತು’ ಎಂದು.

ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ ಎನ್ನುತ್ತಿದ್ದರು ನಮ್ಮಪ್ಪ. ಒಪ್ಪಿದೆ. ಅಡುಗೆ ಮನೆ, ದೇವರ ಮನೆ ಯಾವುದಕ್ಕೂ ನಾನು ಅವಳನ್ನು ತಡೆದವಳಲ್ಲ. ಆದರೆ ಬಳ್ಳಿಗೆ ಯಾರು ಲಿಂಗ ಕಟ್ಟಿದ್ದಾರೆ?

ಏಪ್ರಿಲ್ 28, ಭದ್ರಾವತಿ

ವಿಮಲ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತು ಮನೆಯವರನ್ನೆಲ್ಲ ಆಳುತ್ತಿದ್ದಾಳೆ. ‘ಅಕ್ಕ, ನಿನ್ನ ಮುಖದ ಸುಕ್ಕೆಲ್ಲ ಈಗ ಕಾಣ್ತಾ ಇದೆ ಕಣೆ’ ಎಂದಳು. ಇದಕ್ಕೋಸ್ಕರ ನಾನು ಇಲ್ಲಿಗೆ ಬಂದು ಸಾಯಬೇಕಿತ್ತು.

ರಾತ್ರಿ ಫೋನ್ ಮಾಡಿದೆ. ‘ಬಳ್ಳಿ ಹೇಗಿದೆಯೋ?’ ‘ಚೆನ್ನಾಗಿದೆ ಬಿಡಮ್ಮ’ ಎಂದ ಸತೀಶ. ಆ ದನಿ ನನಗೆ ಗೊತ್ತು. ಹೋಂವರ್ಕ್ ಆಗಿದೆ ಎನ್ನುತ್ತಿದ್ದ ದನಿ.

ಮೇ 3, ಸಂಜೆ

ತಂದ ಬ್ಯಾಗು ಇನ್ನೂ ಬಿಚ್ಚಿಲ್ಲ. ಆದರೂ ಬರೆಯುತ್ತೇನೆ.

ನಮ್ಮ ಮಲವಗೊಪ್ಪದಲ್ಲಿ ಬಸ್ಸಿಳಿದವಳು ಬ್ಯಾಗು ಸಮೇತ ಸೀದಾ ಹಿತ್ತಲಿಗೆ ಹೋದೆ. ಬದನೆ, ಬೆಂಡೆ ಹಸಿರಾಗಿ ನಗುತ್ತಿವೆ. ಹೀರೆ ಚಪ್ಪರ ಮಾತ್ರ... ಎಲೆ ಮುಟ್ಟಿದರೆ ಹಪ್ಪಳದ ಹಾಗೆ ಪುಡಿ. ಕೆಂಪು ಬಟ್ಟೆಯ ಕಾಯಿ ಬಾಡಿ ತೂಗಾಡುತ್ತಿದೆ.

ಸಮತಾ ಆಗಷ್ಟೇ ಬಟ್ಟೆ ಅಂಗಡಿಯ ಕೆಲಸ ಮುಗಿಸಿ ಬಂದಿದ್ದಳು. ಚಪ್ಪಲಿ ಬಿಡುವುದಕ್ಕೂ ಬಿಡಲಿಲ್ಲ ನಾನು.

‘ಏನೇ ಇದು?’

‘ಶನಿವಾರ ಡೇಟ್ ಆಯ್ತು ಅತ್ತೆ. ನೀವೇ ಹೇಳಿದ್ರಲ್ಲ, ಇವರಿಗೆ ಹೇಳ್ದೆ. ಒಂದು ದಿನ ಹಾಕಿದ್ರು, ಆಮೇಲೆ ಡಬಲ್ ಶಿಫ್ಟು. ನಿನ್ನೆಯಿಂದ ನಾನೇ ಹಾಕ್ತಿದೀನಿ.’

‘ಕಣ್ಣೆದುರು ಒಣಗ್ತಿದ್ರೂ ನೋಡ್ತಾ ನಿಂತ್ಯಾ? ಒಂದು ಚೊಂಬು ನೀರು ಮಾರಾಯ್ತಿ!’

ಆಗ ಹೇಳಿದಳು. ದನಿ ಏರಿಸಲಿಲ್ಲ. ‘ನೀರಿಲ್ದೆ ಸತ್ರೆ ಬಿಸಿಲಿಗೆ ಸತ್ತಿತು ಅಂತೀರ. ನಾನು ನೀರು ಹಾಕಿ ಸತ್ರೆ ಯಾರಿಂದ ಸತ್ತಿತು ಅಂತಿದ್ರಿ ಅತ್ತೆ? ಹಾಗಲದ್ದನ್ನ ಮೂರು ವರ್ಷದಿಂದ ಕೇಳ್ತಾನೇ ಇದೀನಿ.’

ಒಳಗೆ ಹೋಗಿ ಕಾಫಿಗೆ ಇಟ್ಟಳು. ನನಗೂ ಸೇರಿಸಿ.

ಮೇ 4, ಬೆಳಗಿನ ಜಾವ

ನಿದ್ದೆ ಬರಲಿಲ್ಲ. ಇಲ್ಲಿಯಾದರೂ ನಿಜ ಬರೆಯುತ್ತೇನೆ.

ಆ ಹಾಗಲ ಬಳ್ಳಿಗೆ ಹಸಿ ಸಗಣಿ ಸುರಿದವಳು ನಾನು. ಕಳಿಯಲು ಬಿಡಬೇಕಿತ್ತು, ತಾಳ್ಮೆ ಇರಲಿಲ್ಲ. ಅದರ ಕಾವಿಗೆ ಬೇರು ಬೆಂದು ಹೋಯಿತು. ಬುಡ ಕಿತ್ತು ನೋಡಿದಾಗಲೇ ನನಗೆ ಗೊತ್ತಾಗಿತ್ತು. ಅಷ್ಟರಲ್ಲಿ ಸುಭದ್ರಮ್ಮನ ಹತ್ತಿರ ಸೊಸೆಯ ಹೆಸರು ಹೇಳಿಯಾಗಿತ್ತು. ಮಾತು ವಾಪಸ್ ತೆಗೆದುಕೊಳ್ಳುವುದು ನನಗೆ ಅಭ್ಯಾಸವಿಲ್ಲ.

ಮೇ 5

ಹಳೆ ಸೀರೆ ಚಪ್ಪರದ ಮೇಲೆ ಕಟ್ಟಿದೆ, ನೆರಳಿಗೆ. ಬುಡಕ್ಕೆ ಒಣಹುಲ್ಲು ಹೊದಿಸಿದೆ. ಬೆಳಿಗ್ಗೆ ಅರ್ಧ ಕೊಡ, ಸಂಜೆ ಅರ್ಧ. ಸತೀಶನೇ ಡ್ರಮ್ಮು ತುಂಬಿಸಿದ, ಒಂದು ಮಾತೂ ಆಡದೆ. ಆಡಿದ್ದರೆ ಇತ್ತು ಅವನಿಗೆ.

ಮೇ 11

ಬುಡದಿಂದ ಒಂದು ಚಿಗುರು! ಉಗುರಿನಷ್ಟು. ಬೀಜದ ಕಾಯಿಯ ತೊಟ್ಟು ಇನ್ನೂ ಗಟ್ಟಿಯಾಗಿದೆ, ಉದುರಿಲ್ಲ. ಆದರೆ ಒಳಗೆ ಬೀಜ ಬಲಿಯುತ್ತಿದೆಯೋ ಜಳ್ಳಾಗಿದೆಯೋ, ಹೊರಗಿನಿಂದ ಹೇಳುವವರು ಯಾರು?

ಸಮತಾಳಿಗೆ ಹೇಳಬೇಕು ಎಂದು ದಿನಾ ಅಂದುಕೊಳ್ಳುತ್ತೇನೆ. ಅವಳು ಎದುರಿಗೆ ಬಂದರೆ ‘ಸಾರಿಗೆ ಉಪ್ಪು ಜಾಸ್ತಿ’ ಎಂಬ ಮಾತು ಹೊರಗೆ ಬರುತ್ತದೆ. ಉಪ್ಪು ಸರಿಯಾಗೇ ಇರುತ್ತದೆ.

ಮೇ 25, ಬೆಳಿಗ್ಗೆ

‘ಅತ್ತೆ, ಇವತ್ತಿಂದ ಐದು ದಿನ ಬಳ್ಳಿಗೆ ನೀವೇ ಹಾಕಿ’ ಎಂದಳು ಸಮತಾ. ಅರ್ಥವಾಯಿತು.

‘ನನಗೆ ಮಂಡಿ ನೋವು. ನೀನೇ ಹಾಕು’ ಎಂದೆ. ನೋವಿರಲಿಲ್ಲ.

ಕೊಡ ಹಿಡಿದು ಬಾಗಿಲಲ್ಲೇ ನಿಂತಳು. ನನ್ನ ಮುಖ ನೋಡಿದಳು, ಬಳ್ಳಿ ನೋಡಿದಳು. ‘ಏನಾದ್ರೂ ಆದ್ರೆ?’

ಅಷ್ಟರಲ್ಲಿ ಕಾಂಪೌಂಡಿನ ಆಚೆ ಸುಭದ್ರಮ್ಮ ಬಟ್ಟೆ ಒಣಗಿಸಲು ಬಂದಳು. ಅವತ್ತು ಎಲ್ಲಿ ನಿಂತಿದ್ದಳೋ ಅಲ್ಲೇ. ಈಗ ಬಿಟ್ಟರೆ ಇನ್ನು ಹೇಳಲಾಗುವುದಿಲ್ಲ ಎನಿಸಿತು. ಕೂಗಿದೆ.

‘ಸುಭದ್ರೀ, ಕೇಳಿಲ್ಲಿ. ಆ ವರ್ಷ ಹಾಗಲ ಸುಟ್ಟಿದ್ದು ನಾನು ಹಾಕಿದ ಹಸಿ ಗೊಬ್ಬರಕ್ಕೆ. ಇವಳ ತಪ್ಪೇನೂ ಇರ್ಲಿಲ್ಲ.’

ಸುಭದ್ರಮ್ಮ ಬಟ್ಟೆ ಕೊಡವಿದಳು. ‘ಅದು ನನಗೆ ಆವಾಗ್ಲೇ ಗೊತ್ತಿತ್ತು. ಸಗಣಿ ಬುಟ್ಟಿ ಹೊತ್ತಿದ್ದನ್ನ ನೋಡಿರ್ಲಿಲ್ವಾ ನಾನು?’

‘ಮತ್ತೆ ಬಾಯಿಗೆ ಏನು ಬೀಗ ಹಾಕ್ಕೊಂಡಿದ್ಯಾ?’

‘ನಿನ್ನ ಬಾಯಿಗೆ ಎದುರು ಯಾರು ನಿಂತ್ಕೊಳ್ತಾರೆ ಮಾರಾಯ್ತಿ!’

ಸಮತಾ ಅಲ್ಲಿಯವರೆಗೂ ಅಲುಗಿರಲಿಲ್ಲ. ಆಮೇಲೆ ಹೋಗಿ ನೀರು ಹಾಕಿದಳು. ನಿಧಾನಕ್ಕೆ, ಬುಡದ ಸುತ್ತ. ಒಂದು ಎಲೆಗೂ ಹನಿ ತಾಗಲಿಲ್ಲ. ಮುಗಿಸಿ ನನ್ನ ಕಡೆ ತಿರುಗದೆ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೇ ಇರಬೇಕು.

ಮೇ 30

ಐದು ದಿನವೂ ಅವಳೇ ಹಾಕಿದಳು. ನನ್ನ ಸುಳ್ಳು ಮಂಡಿಗೆ ಎಣ್ಣೆಯನ್ನೂ ತಿಕ್ಕಿದಳು. ಬೇಡ ಎನ್ನಲಾಗಲಿಲ್ಲ. ಬಳ್ಳಿಗೆ ಏನೂ ಆಗಿಲ್ಲ. ಚಿಗುರು ಚಪ್ಪರ ಮುಟ್ಟಿದೆ. ಕಾಯಿ ಕಂದು ಬಣ್ಣಕ್ಕೆ ತಿರುಗುತ್ತಿದೆ.

ಜೂನ್ 8

ಕಾಯಿ ಪೂರ್ತಿ ಒಣಗಿತು. ಸಮತಾಳೇ ಕಿತ್ತಳು. ತುದಿ ಮುರಿದು ಕೊಡವಿದೆವು. ಹತ್ತೊಂಬತ್ತು ಬೀಜ ಬಿದ್ದವು. ಬೋಗುಣಿ ನೀರಿಗೆ ಹಾಕಿದೆ. ಜಳ್ಳು ತೇಲುತ್ತದೆ, ಗಟ್ಟಿ ಮುಳುಗುತ್ತದೆ. ಮೊದಲು ಎಲ್ಲ ತೇಲಿದವು. ಬೋಗುಣಿಯ ಮೇಲೆ ಬಾಗಿದೆ. ಸಮತಾ ನನ್ನ ತೋಳು ಹಿಡಿದುಕೊಂಡಳು. ಆಮೇಲೆ ಒಂದು ಇಳಿಯಿತು. ಇನ್ನೊಂದು. ಕವನಾ ಎಣಿಸುತ್ತಾ ಹೋದಳು. ‘ಎಂಟು, ಅಜ್ಜೀ! ಎಂಟು!’

ಎಂಟು ಸಾಕು. ನಮ್ಮವ್ವ ನನಗೆ ಕೊಟ್ಟದ್ದೂ ಒಂದು ಹಿಡಿಯಲ್ಲ.

ಜೂನ್ 9, ಭಾನುವಾರ, ಮಧ್ಯಾಹ್ನ ಮೂರು

ಬೀಜಕ್ಕೆ ಬೂದಿ ಸವರಿ ಮೊರದಲ್ಲಿ ಅಂಗಳಕ್ಕೆ ಇಟ್ಟಿದೆ. ನಾಲ್ಕು ಬಿತ್ತುವುದಕ್ಕೆ, ನಾಲ್ಕು ಎತ್ತಿಡುವುದಕ್ಕೆ. ಎತ್ತಿಡುವುದನ್ನು ಈ ಸಲ ಸಮತಾಳ ಕೈಗೇ ಕೊಡುತ್ತೇನೆ, ನನಗಿಂತ ಅವಳೇ ಜೋಪಾನ. ಇದನ್ನು ಅವಳಿಗೆ ಹೇಳುವುದೋ, ಸುಮ್ಮನೆ ಡಬ್ಬಿ ಕೊಟ್ಟುಬಿಡುವುದೋ. ಯೋಚಿಸಬೇಕು.

ಗುಡುಗು. ಹನಿ ಬಿದ್ದೇ ಬಿಟ್ಟಿತು! ಅಯ್ಯೋ, ಮೊರ ಹೊರಗೇ ಇದೆ. ನಾನು ಏಳುವಷ್ಟರಲ್ಲಿ ಸಮತಾ ಅಡುಗೆ ಮನೆಯಿಂದ ಓಡಿದ್ದಾಳೆ. ಕೈಯೆಲ್ಲ ರೊಟ್ಟಿ ಹಿಟ್ಟು. ಮೊರವನ್ನು ಎದೆಗವುಚಿಕೊಂಡು, ಮೇಲೆ ವೇಲು ಮುಚ್ಚಿ, ತಾನು ಪೂರಾ ತೊಯ್ದು... ‘ಬೀಜ ಒಂದೂ ನೆನೆದಿಲ್ಲ ಅತ್ತೆ’ ಎಂದು ನಗುತ್ತಾ ನಿಂತಿದ್ದಾಳೆ. ತಲೆಯಿಂದ ನೀರು ಇಳಿಯುತ್ತಿದೆ. ಟವೆಲ್ ಎಲ್ಲಿ ಹೋಯಿತೋ, ಈ ಹುಡುಗಿಗೆ ನೆಗಡಿಯಾದರೆ —