ಏಳು ತಿಂಗಳಿಗೆ ಏಳು ಆಯಾಗಳು

ಮಾನ್ಯ ಶಿಶುಪಾಲನಾ ನಿರ್ದೇಶಕರೇ,

ನನ್ನ ಮಗಳಿಗೆ ಹದಿನಾರು ತಿಂಗಳು. ಅವಳಿಗೆ ಬಂದಿರುವ ಹಲ್ಲು ಏಳು. ತಮ್ಮ ಕೇಂದ್ರದಲ್ಲಿ ಅವಳನ್ನು ನೋಡಿಕೊಂಡ ಆಯಾಗಳೂ ಏಳು. ಹಲ್ಲುಗಳಾದರೂ ಬಂದ ಜಾಗದಲ್ಲೇ ಇವೆ. ಆಯಾಗಳು ಮಾತ್ರ ತಿಂಗಳು ತುಂಬುತ್ತಲೇ ಕೋಣೆ ಬದಲಿಸಬೇಕು. "ಮಕ್ಕಳು ಒಬ್ಬರನ್ನೇ ಹಚ್ಚಿಕೊಳ್ಳುವುದನ್ನು ತಪ್ಪಿಸುವ ಸಲುವಾಗಿ" ಎಂಬ ತಮ್ಮ ಆದೇಶವನ್ನು ಕೇಂದ್ರದ ಗೋಡೆಗೆ ಅಂಟಿಸಲಾಗಿದೆ. ಸ್ವಾಮಿ, ಆ ವಯಸ್ಸಿನ ಕೂಸು ಯಾರನ್ನಾದರೂ ಹಚ್ಚಿಕೊಳ್ಳದೆ ಇನ್ನೇನು ಮಾಡಬೇಕು? ಕಡತ ವಿಲೇವಾರಿಯೇ?

ನಾನು ಬಸ್ ಚಾಲಕಿ. ಬೆಳಗಿನ ಪಾಳಿ. ಒಂಬತ್ತು ತಿಂಗಳ ಮಗಳನ್ನು ಮೊದಲ ದಿನ ಒಪ್ಪಿಸಿದ್ದು ಗುಂಗುರಕ್ಕನ ಕೈಗೆ. ಗುಂಗುರು ಕೂದಲಿನ ಆ ಆಯಾಳನ್ನು ಎಲ್ಲರೂ ಕರೆಯುವುದೇ ಹಾಗೆ. ನಾನೂ ನನ್ನ ಗಂಡನೂ ತಿಂಗಳುಗಟ್ಟಲೆ ಒದ್ದಾಡಿ ಕಲಿತದ್ದನ್ನು ಅವರು ಮೂರೇ ದಿನದಲ್ಲಿ ಕಲಿತರು: ಇವಳ ಪಾದವನ್ನು ನಾವು ಹಿಡಿದುಕೊಂಡರೆ ಮಾತ್ರ ಮಲಗುತ್ತಾಳೆ, ಹುಷಾರು ತಪ್ಪಿದರೆ ಅಳುವುದಿಲ್ಲ, ಮಂಕಾಗುತ್ತಾಳೆ. ಪಾಳಿ ಮುಗಿಸಿ ಹೋದರೆ ವರದಿ ಸಿದ್ಧ: "ಊಟ ಅರ್ಧ, ತುಂಟಾಟ ಪೂರ್ತಿ!"

ತಿಂಗಳಾಯಿತು, ಗುಂಗುರಕ್ಕ ಬೇರೆ ಕೋಣೆಗೆ ಹೋದರು. ಆಮೇಲೆ ಬಂದವರೂ ಒಳ್ಳೆಯವರೇ. ಒಬ್ಬರು ವಾರವಿಡೀ ಇವಳನ್ನು ಪಕ್ಕದ ಹುಡುಗನ ಹೆಸರಿನಿಂದ ಕರೆದರು. ಇವಳೂ ಪಾಪ, ದಾಕ್ಷಿಣ್ಯಕ್ಕೆ ತಿರುಗಿ ನೋಡಿದಳು. ಇಪ್ಪತ್ತನೆಯ ದಿನ ಇವಳು ಅವರಿಗೆ ಅರ್ಥವಾದಳು. ಮೂವತ್ತನೆಯ ದಿನ ಅವರು ಹೊರಟರು.

ಎರಡು ವಾರದ ಹಿಂದೆ ಏಳನೆಯ ಆಯಾ ದಿನಚರಿಯಲ್ಲಿ ಬರೆದರು: "ಮಗು ಬಹಳ ಶಾಂತವಾಗಿದೆ. ಉತ್ತಮ ಹೊಂದಾಣಿಕೆ." ಅದೇ ಹೊತ್ತಿಗೆ ಒಗೆದ ಹೊದಿಕೆಗಳನ್ನು ಹೊತ್ತು ಆ ದಾರಿಯಾಗಿ ಬಂದ ಗುಂಗುರಕ್ಕ ಬಾಗಿಲಲ್ಲೇ ನಿಂತರಂತೆ.

"ಇವಳು ಯಾವಾಗಿಂದ ಹೀಗೆ ಕೂತಿದ್ದಾಳೆ?"

"ಬೆಳಗ್ಗೆಯಿಂದ ಅಕ್ಕ. ಒಂಚೂರೂ ಗಲಾಟೆ ಇಲ್ಲ."

"ಅಯ್ಯೋ, ಇವಳು ಗಲಾಟೆ ಮಾಡ್ತಿಲ್ಲ ಅಂದ್ರೆ ಹುಷಾರಿಲ್ಲ ಅಂತ ಕಣಮ್ಮ!"

ಈ ಮಾತನ್ನು ನನಗೆ ಹೇಳಿದ್ದು ಆ ಏಳನೆಯ ಆಯಾ, ಕಣ್ಣೀರು ಒರೆಸಿಕೊಳ್ಳುತ್ತಾ. ಎಂಟು ಮಕ್ಕಳ ನಡುವೆ ಅದು ಅವರಿಗೆ ನಾಲ್ಕನೆಯ ದಿನ. ಅವರನ್ನು ಯಾವ ಬಾಯಲ್ಲಿ ಬಯ್ಯಲಿ?

ಗುಂಗುರಕ್ಕ ಹೊದಿಕೆಗಳನ್ನು ಅಲ್ಲೇ ಹಾಕಿ, ಜ್ವರದಲ್ಲಿ ಸುಡುತ್ತಿದ್ದ ಮಗುವನ್ನು ಎತ್ತಿಕೊಂಡು ಡಾಕ್ಟರ ಬಳಿಗೆ ಓಡಿದ್ದರು. ಪಾಳಿ ಮುಗಿಯುತ್ತಲೇ ಸುದ್ದಿ ತಿಳಿದು ನಾನು ಸಮವಸ್ತ್ರದಲ್ಲೇ ಓಡೋಡಿ ತಲುಪಿದೆ. ಕಿವಿಯೊಳಗೆ ಕೀವು. "ಇವತ್ತೇ ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು" ಎಂದರು ಡಾಕ್ಟರು. ನಾನು ಕೈ ಚಾಚಿದೆ. ಮಗಳು ಗುಂಗುರಕ್ಕನ ಹೆಗಲು ಬಿಡಲಿಲ್ಲ. ನಿಜ ಹೇಳುತ್ತೇನೆ, ಒಂದು ಕ್ಷಣ ಹೊಟ್ಟೆಕಿಚ್ಚಾಯಿತು. ಮರುಕ್ಷಣ ಚಾಚಿದ ಕೈಯಲ್ಲಿ ಅವಳ ಪಾದ ಹಿಡಿದುಕೊಂಡೆ.

ತಮ್ಮ ಕಚೇರಿ ಸುಮ್ಮನಿದ್ದೀತೇ? "ನಿಗದಿತ ಕೋಣೆ ತೊರೆದು ಅನ್ಯ ಕೋಣೆಗೆ ಅನಧಿಕೃತ ಪ್ರವೇಶ" ಎಂದು ಮೂರನೆಯ ದಿನವೇ ನೋಟಿಸು ಕೊಟ್ಟು, ಗುಂಗುರಕ್ಕನನ್ನು ಉಗ್ರಾಣಕ್ಕೆ ಹಾಕಿತು. ಈಗ ಅವರು ದಿಂಬುಗಳನ್ನು ನೋಡಿಕೊಳ್ಳುತ್ತಾರೆ.

ಹನ್ನೊಂದು ವರ್ಷದಿಂದ ನನ್ನದು ಒಂದೇ ಮಾರ್ಗ. ಎಲ್ಲಿ ತಿರುವು, ಎಲ್ಲಿ ಗುಂಡಿ, ಯಾವ ನಿಲ್ದಾಣದ ಅಜ್ಜಿಗೆ ಹತ್ತಲು ಹೊತ್ತು ಹಿಡಿಯುತ್ತದೆ, ಎಲ್ಲ ಗೊತ್ತು. ದಾರಿ ಬಲ್ಲವರೇ ಇರಲಿ ಎನ್ನುತ್ತದೆ ನಮ್ಮ ಡಿಪೊ. ಬಸ್ಸಿಗೆ ಸಿಗುವ ಈ ಸೌಲಭ್ಯ ಕೂಸಿಗೇಕಿಲ್ಲ?

ಆದ್ದರಿಂದ ನೋಟಿಸನ್ನು ಹಿಂಪಡೆಯಿರಿ. ಗುಂಗುರಕ್ಕನನ್ನು ಮಕ್ಕಳ ಕೋಣೆಗೆ ಮರಳಿಸಿ. ಮೂರು ವರ್ಷ ತುಂಬುವವರೆಗೆ ಒಂದು ಗುಂಪಿನ ಮಕ್ಕಳಿಗೆ ಒಬ್ಬರೇ ಆಯಾ ಇರಲಿ.

ಇಂದು ಬೆಳಗ್ಗೆ ಮಗಳು ನನ್ನ ಕೈ ಬಿಡಿಸಿಕೊಂಡು, ತಪ್ಪು ಹೆಜ್ಜೆ ಹಾಕುತ್ತಾ ಹೋಗಿ ಉಗ್ರಾಣದ ಬಾಗಿಲು ಬಡಿದಳು. ಒಳಗಿನಿಂದ ದನಿ ಬಂತು: "ಬಂದೆ ಪುಟ್ಟಿ, ಒಂದ್ನಿಮಿಷ!"

ಆ ಒಂದು ನಿಮಿಷ ಎಂದರೆ ಎಷ್ಟು ದಿನ ಎಂಬುದನ್ನು ತಾವೇ ತಿಳಿಸಬೇಕು.

ಇಂತಿ,
ಆ ಬಾಗಿಲಿನಿಂದ ಮಗಳನ್ನು ಕದಲಿಸಲಾಗದೆ, ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಬಸ್ಸು ತಡಮಾಡಿದ ಚಾಲಕಿ