ನೀಲಿ ದಾರದ ಬೆಡ್‌ಶೀಟುಗಳು

ಜೂನ್ ೧೪, ಶನಿವಾರ

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದ ತಲುಪಿತು. ನಾನು ಕ್ಷೇಮ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಊಟ ಸೇರುತ್ತದೆ, ನಿದ್ದೆಯೂ ಬರುತ್ತದೆ. ಮೊನ್ನೆ ಹಾಲು ಉಕ್ಕಿ ಒಲೆ ಆರಿಹೋಯಿತು. ಪಕ್ಕದಲ್ಲೇ ನಿಂತು ನೋಡುತ್ತಿದ್ದೆ.

ನಿಮ್ಮ ತಮ್ಮನ ಮೇಲ್ಮನವಿಗೆ ನನ್ನ ಪ್ರಮಾಣಪತ್ರ ಬೇಕೆಂದು ವಕೀಲರು ಬಂದಿದ್ದರು. ಆ ಹುಡುಗಿ, ತನ್ನನ್ನು ನಿಮ್ಮ ತಮ್ಮನೇ ನಮ್ಮ ಲಾಡ್ಜಿನ ಮಹಡಿ ಕೋಣೆಯಲ್ಲಿ ಕೂಡಿಹಾಕಿ ಗಿರಾಕಿಗಳಿಗೆ ಒಪ್ಪಿಸಿದರು ಎಂದಿದ್ದಾಳಲ್ಲ, ಆ ಕೋಣೆಗೆ ಬೇಸಿಗೆಯಿಡೀ ರಿಪೇರಿಗೆಂದು ಬೀಗ ಹಾಕಿತ್ತು ಎಂದು ನಾನು ಹೇಳಬೇಕಂತೆ. ಆಗ ಅವಳ ಮಾತು ಸುಳ್ಳಾಗುತ್ತದೆ, ಶಿಕ್ಷೆ ರದ್ದಾಗುತ್ತದೆ. ಅವಳಿಗೆ ಆಗ ಹದಿಮೂರು ವರ್ಷ. "ಒಂದು ಸಹಿ ಅಷ್ಟೇ ಅಮ್ಮಾ, ಮಿಕ್ಕಿದ್ದು ನಾನ್ ನೋಡ್ಕೋತೀನಿ" ಎಂದರು, ಗ್ಯಾಸ್ ಸಿಲಿಂಡರ್ ಇಳಿಸಲು ಬಂದವರ ಹಾಗೆ.

ಲಾಡ್ಜಿನ ಬಟ್ಟೆ ಒಗೆಯುತ್ತಿದ್ದವಳು ನಾನು. ಹೊರಗೆ ಕೊಡುವುದು ದಂಡ ಎಂದು ನಿಮ್ಮ ತಮ್ಮನೇ ಮನೆಗೆ ಮಷಿನ್ ತಂದಿದ್ದರು. ಒಂದು ಕೋಣೆಯದು ಇನ್ನೊಂದಕ್ಕೆ ಬೆರೆಯದಂತೆ ಬೆಡ್‌ಶೀಟಿನ ಮೂಲೆಗೆ ಬಣ್ಣದ ದಾರದಲ್ಲಿ ಗುರುತು ಹೊಲಿಯುತ್ತಿದ್ದೆ. ಮಹಡಿ ಕೋಣೆಯದು ನೀಲಿ. ಆ ಬೇಸಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಒಗೆಯಲು ಬಂದದ್ದು ನೀಲಿ ದಾರದವೇ. ಬೀಗ ಹಾಕಿದ ಕೋಣೆಯಲ್ಲಿ ಬೆಡ್‌ಶೀಟು ಕೊಳೆಯಾಗುತ್ತದೆಯೇ? ಪೊಲೀಸರು ಇದನ್ನು ನನ್ನ ಹತ್ತಿರ ಕೇಳಲಿಲ್ಲ. ಮನೆಯಲ್ಲಿರುವ ಹೆಂಗಸಿಗೆ ಏನು ಗೊತ್ತು ಎಂದುಕೊಂಡರು.

ಕಟ್ಟಿಕೊಂಡವಳು ಕೊನೆ ತನಕ ಎಂದು ಬರೆದಿದ್ದೀರಿ. ಗಾದೆ ಹೇಳುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ಅದಕ್ಕೇ ಜೈಲಿಗೆ ಹೋಗಿ ನೀಲಿ ದಾರದ ವಿಷಯ ಅವರನ್ನೇ ಕೇಳಿದೆ. ಅವರು ತಲೆ ಎತ್ತಲಿಲ್ಲ.

"ಅದನ್ನ ಯಾರ ಹತ್ರಾನೂ ಹೇಳ್ಬೇಡ" ಎಂದರು.

ಅಲ್ಲ ಎನ್ನಲಿಲ್ಲ ಅತ್ತಿಗೆ. ಕೋಪ ಬರುತ್ತದೆ ಎಂದು ಕಾದೆ, ಬರಲಿಲ್ಲ. ಅಳುವೂ ಇಲ್ಲ. ಬಸ್ಸು ಹತ್ತಿ ಸರ್ಕಾರಿ ವಕೀಲರ ಕಚೇರಿಗೆ ಹೋಗಿ, ಗೊತ್ತಿದ್ದದ್ದನ್ನೆಲ್ಲ ಹೇಳಿ ಬಂದೆ. ನಿಮ್ಮ ವಕೀಲರ ಕಾಗದಕ್ಕೆ ಸಹಿ ಹಾಕುವುದಿಲ್ಲ. ಇನ್ನು ಮುಂದೆ ನಿಮ್ಮ ಮನೆಯ ಹೊಸಿಲು ತುಳಿಯುವ ಹಾಗಿಲ್ಲ ಎಂಬುದೂ ಗೊತ್ತು.

ಹರಿದು ಹಾಕುವುದಾದರೆ ಪೂರ್ತಿ ಓದಿ ಹರಿಯಿರಿ.

ಇಂತಿ,
ನಿಮ್ಮ ತಮ್ಮನ ಹೆಂಡತಿ

ಮತ್ತೊಂದು ಮಾತು: ನಿಮ್ಮ ಮಗಳು ಪ್ರತಿ ರಜೆಗೂ ನಮ್ಮಲ್ಲಿಗೆ ಬರುತ್ತಿದ್ದಳು. ಹನ್ನೊಂದು ತುಂಬಿದ ಮೇಲೆ ನೀವು ಕಳಿಸಲೇ ಇಲ್ಲ. ಆಗಿನ್ನೂ ಕೇಸಿರಲಿಲ್ಲ, ಪೊಲೀಸರೂ ಬಂದಿರಲಿಲ್ಲ. ಸರ್ಕಾರಿ ವಕೀಲರಿಗೆ ನಾನು ಇದನ್ನು ಹೇಳಿಲ್ಲ. ಇದು ನೀವು ಹೇಳಬೇಕಾದದ್ದು.